ಮಾದಮ್ಮ ಸಾಕಿದ ಕುದುರೆ

ಲ್ಯಾಪ್‌ಟಾಪಿನ ಒಳಗೆ ಸಂಘಮಿತ್ರಾಳ ಎಂ.ಎ. ವರದಿ ಇತ್ತು. ನಾಳೆ ಹಾಸನದಲ್ಲಿ ಅದನ್ನು ಒಪ್ಪಿಸದಿದ್ದರೆ ಒಂದು ವರ್ಷ ನೀರಿಗೆ ಬಿದ್ದ ಹಾಗೆ. ಹೊರಗೆ ಪಾಸ್‌ವರ್ಡ್ ಕೇಳುವ ಪರದೆ ಇತ್ತು. ಹಾಸ್ಟೆಲಿನಲ್ಲಿ ರೂಮಿನವಳು ಹಳೇ ಪಾಸ್‌ವರ್ಡನ್ನು ಕದ್ದು ನೋಡಿದಳೆಂದು ಸಿಟ್ಟಿನಲ್ಲಿ ಹೊಸದು ಹಾಕಿದ್ದಳು. ಸಿಟ್ಟು ಇಳಿಯಿತು, ಪಾಸ್‌ವರ್ಡೂ ಅದರ ಜೊತೆಗೇ ಹೋಯಿತು. ವರದಿಯನ್ನು ಇನ್ನೆಲ್ಲಾದರೂ ಉಳಿಸಿಕೊಳ್ಳಬೇಕಿತ್ತು. ಉಳಿಸಿಕೊಂಡಿರಲಿಲ್ಲ.

ಲ್ಯಾಪ್‌ಟಾಪನ್ನು ಚನ್ನರಾಯಪಟ್ಟಣದಲ್ಲಿ ಸೆಕೆಂಡ್‌ಹ್ಯಾಂಡಿಗೆ ಮಾರಿದ್ದ ದೇವರಾಜುಗೆ ಫೋನ್ ಮಾಡಿದಳು.

"ತಗೊಂಬಾ ತಂಗಿ, ಎಲ್ಲಾ ಒರೆಸಿ ಹೊಸದಾಗಿ ಕೂರಿಸ್ಕೊಡ್ತೀನಿ."

"ಒಳಗಿರೋದು?"

"ಒರೆಸಿದ ಮೇಲೆ ಒಳಗೇನಿರ್ತದೆ?"

ಉಳಿದಿದ್ದು ಒಂದೇ ದಾರಿ. ಪಾಸ್‌ವರ್ಡ್ ಮರೆತವರನ್ನು ಲ್ಯಾಪ್‌ಟಾಪ್ ಮೂರು ಪ್ರಶ್ನೆ ಕೇಳುತ್ತದೆ. ಮೊದಲ ದಿನ ಕೊಟ್ಟ ಉತ್ತರಗಳನ್ನೇ ಕೊಟ್ಟರೆ ತೆರೆಯುತ್ತದೆ. ಆ ದಿನ ಉತ್ತರ ತುಂಬಿದವನು ಅಣ್ಣ ಕೀರ್ತಿರಾಜ್. ಅವನು ಹೊಳೆನರಸೀಪುರದ ಗೊಬ್ಬರದಂಗಡಿಯಿಂದ ಮಾತಾಡಿದ.

"ನೀನು ಒಳಗೆ ಅಡಿಗೆ ಮಾಡ್ತಿದ್ದೆ. ಪಕ್ಕದಲ್ಲಿ ಅಜ್ಜಿ ಕೂತಿತ್ತು, ಅದನ್ನೇ ಕೇಳಿ ಒತ್ತಿದೆ ಕಣೆ. ನನ್ನ ಕಣ್ಣು ಮ್ಯಾಚ್ ಮೇಲಿತ್ತು, ಏನೇನಂತೋ ಯಾವನಿಗೆ ನೆನಪು? ಗಿರಾಕಿ ಅವ್ರೆ, ಇಡು."

ಸಂಘಮಿತ್ರಾ ಅರಕಲಗೂಡಿನ ಮೇಲೆ ತನ್ನೂರು ಮಲ್ಲಿಪಟ್ಟಣಕ್ಕೆ ಬಂದಳು. ಮಧ್ಯಾಹ್ನದ ಬಿಸಿಲು ಮೆತ್ತಗಿತ್ತು. ಅಜ್ಜಿ ಮಾದಮ್ಮ ಜಗಲಿಯಲ್ಲಿ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. ಕಾಯಿಯ ಸೊಗಡು ಮನೆಯನ್ನೆಲ್ಲ ತುಂಬಿ, ಊರೇ ತೂಕಡಿಸುತ್ತಿರುವಂತಿತ್ತು. ಲ್ಯಾಪ್‌ಟಾಪ್ ತೆರೆಯುತ್ತಿಲ್ಲ, ಮಾರಿದವನು ಎಲ್ಲಾ ಒರೆಸಿಬಿಡ್ತಾನಂತೆ ಎನ್ನುತ್ತ ಸಂಘಮಿತ್ರಾ ಪಕ್ಕದಲ್ಲಿ ಕೂತಳು.

"ಅಜ್ಜಿ, ನೀನು ಹುಟ್ಟಿದ್ದೆಲ್ಲಿ?"

"ಇಲ್ಲೇ ಕಣವ್ವ, ಗೌಡ್ರ ಕಣದಲ್ಲಿ. ನಮ್ಮವ್ವ ರಾಗಿ ತೂರ್ತಿದ್ಲಂತೆ."

"ಮೊದಲು ಸಾಕಿದ ಪ್ರಾಣಿ ಹೆಸರು?"

"ನಾವೇ ಇನ್ನೊಬ್ರ ಕೊಟ್ಟಿಗೇಲಿದ್ದೋ. ಒಂದು ಮೇಕೆ ಇತ್ತು, ಬೆಳ್ಳಿ ಅಂತ. ಮಾರ್ಬುಟ್ರು."

"ಮೊದಲು ಓದಿದ ಶಾಲೆ?"

ಮಾದಮ್ಮ ನಕ್ಕಳು. "ಶಾಲೆ ಅಂಗಳ ಗುಡಿಸಿವ್ನಿ. ಅದೂ ಲೆಕ್ಕಕ್ಕೆ ಬತ್ತದಾ?"

ಮಲ್ಲಿಪಟ್ಟಣ, ಬೆಳ್ಳಿ, ಇಲ್ಲ ಎಂದು ಒತ್ತಿದಳು. ಲ್ಯಾಪ್‌ಟಾಪ್ ಒಪ್ಪಲಿಲ್ಲ.

"ಅಜ್ಜಿ, ಅವತ್ತು ಅಣ್ಣ ಕೇಳ್ದಾಗಲೂ ಇದೇ ಹೇಳಿದ್ಯಾ?"

ಸುಲಿಯುವ ಕೈ ನಿಂತಿತು. "ಅವನಿಗೇಳಿದ್ದು ಬ್ಯಾರೆ."

"ಯಾಕೆ?"

"ಅದೂ ಗಣತೀನೇ ಅಲ್ವಾ? ಅದ್ರ ಹಿಂದಿನ ವಾರ ಒಬ್ಬ ಬಂದಿದ್ದ, ಮೊಬೈಲ್ ಇಡ್ಕೊಂಡು. ಜಮೀನೈತಾ ಅಂದ, ಇಲ್ಲ ಅಂದೆ. ಓದಿದ್ದೀಯಾ ಅಂದ, ಇಲ್ಲ ಅಂದೆ. ದನ, ಕುರಿ? ಇಲ್ಲ. ತಲೆ ಎತ್ತಲಿಲ್ಲ ಅವ್ನು, ಒತ್ತಿದ, ಒತ್ತಿದ, ಎದ್ದೋದ. ಒಂದು ದಿನದಲ್ಲಿ ಅಷ್ಟೊಂದು ಸಲ 'ಇಲ್ಲ' ಅಂತ ಯಾವತ್ತೂ ಅಂದಿರಲಿಲ್ಲ ಕಣವ್ವ. ಆಮೇಲೆ ಕೀರ್ತಿ ಕೇಳಕ್ಕೆ ಕೂತ. ಈ ಸಲ 'ಐತೆ' ಅನ್ನಾನ ಅನ್ನಿಸ್ತು." ಮಾದಮ್ಮ ದನಿ ತಗ್ಗಿಸಿದಳು. "ಸುಳ್ಳೇಳಿದ್ದಕ್ಕೆ ಕೇಸೇನಾರ ಆಯ್ತಾ?"

"ಕೇಸೂ ಇಲ್ಲ, ಏನೂ ಇಲ್ಲ. ಏನಂದೆ ಹೇಳಜ್ಜಿ."

ಮಾದಮ್ಮ ಗೋಡೆಗೊರಗಿ ಕಣ್ಣು ಮುಚ್ಚಿದಳು. ನಿದ್ದೆ ಹೋದಳೇನೋ ಎಂದುಕೊಳ್ಳುವಷ್ಟರಲ್ಲಿ ತುಟಿ ಅಲುಗಿತು.

"ಉಟ್ಟಿದ್ದು ಮೈಸೂರು. ಅರಮನೆ ಪಕ್ಕ. ಕುದ್ರೆ ಸಾಕಿದ್ದೆ, ಬಿಳೀದು. ಸುಲ್ತಾನ ಅಂತ. ಬೆಳಗ್ಗೆ ಮಂಜಲ್ಲಿ ಬಂದು ನಿಂತ್ರೆ ಕುದ್ರೆ ಯಾವುದು, ಮಂಜು ಯಾವುದು ಗೊತ್ತಾಯ್ತಿರಲಿಲ್ಲ. ಉಸ್ರು ಮಾತ್ರ ಬೆಚ್ಚಗೆ ಕೈಗೆ ತಾಗೋದು. ಅದ್ರ ಮ್ಯಾಲೆ ಅತ್ಕೊಂಡು ಕಾನ್ವೆಂಟ್‌ಗೆ ಓಗ್ತಿದ್ದೆ. ಗೌಡ್ರ ಮನೆ ಮುಂದೇನೆ. ಯಾರೂ ಇಳಿ ಅನ್ನಲಿಲ್ಲ."

"ಇಷ್ಟೂ ಹೇಳಿದ್ಯಾ ಅಣ್ಣಂಗೆ?"

"ಅವನು ಒಂದೊಂದೇ ಮಾತು ಬರ್ಕೊಂಡ. ಮಿಕ್ಕಿದ್ದು ನಾನೇ ಇಟ್ಕೊಂಡೆ."

ಬಿಸಿಲಲ್ಲಿ ಅವರೆ ಸಿಪ್ಪೆ ಮಿನುಗುತ್ತಿತ್ತು. ಅಂಗಳದಾಚೆ ಏನೋ ಬೆಳ್ಳಗೆ ಸುಳಿದಂತಾಗಿ ಸಂಘಮಿತ್ರಾ ತಲೆ ಎತ್ತಿದಳು. ತಂತಿಯ ಮೇಲೆ ಒಣಹಾಕಿದ ಅಪ್ಪನ ಪಂಚೆ. ಆದರೂ ಸ್ವಲ್ಪ ಹೊತ್ತು ನೋಡಿದಳು.

ಮೈಸೂರು. ಸುಲ್ತಾನ. ಕಾನ್ವೆಂಟ್.

ಹೊಸ ಪಾಸ್‌ವರ್ಡ್ ಹಾಕಿ ಎಂದಿತು ಲ್ಯಾಪ್‌ಟಾಪ್. ಹಾಕಿದಳು. ವರದಿ ಇದ್ದಲ್ಲೇ ಇತ್ತು. ಮೊದಲು ಅದನ್ನು ತನಗೇ ಮೇಲ್ ಮಾಡಿಕೊಂಡಳು. ಆಮೇಲೆ ಉಸಿರು ಬಿಟ್ಟಳು.

"ತಕ್ಕೊಂತಾ?" ಮಾದಮ್ಮ ಕೇಳಿದಳು.

"ತಕ್ಕೊಂತು."

"ಅಂಗಾದ್ರೆ ಗೌರ್ಮೆಂಟಲ್ಲಿ ನನ್ನ ಕುದ್ರೆ ಐತೆ ಅನ್ನು."

ಹೌದು ಎಂದುಬಿಡಬಹುದಿತ್ತು. ಸಂಘಮಿತ್ರಾಗೆ ಅದು ಬರುವುದಿಲ್ಲ.

"ಇಲ್ಲ ಅಜ್ಜಿ. ಗಣತೀಲಿ ಇಲ್ಲ ಅಂತಲೇ ಐತೆ. ಇದು ನನ್ನ ಲ್ಯಾಪ್‌ಟಾಪು, ಅಷ್ಟೇ."

ಮಾದಮ್ಮ ಒಂದು ಕಾಯಿ ತೆಗೆದುಕೊಂಡು ಬಿಡಿಸಿದಳು. ಹುಳುಕು. ಎಸೆದಳು.

"ನಿಂದ್ರಲ್ಲಿ ಐತಲ್ಲ?"

"ಐತೆ."

"ಅದ್ಯಾರೋ ಒರೆಸ್ತೀನಿ ಅಂದ್ನಂತಲ್ಲ, ಅವನ ಕೈಗೆ ಕೊಡಬ್ಯಾಡ ಮತ್ತೆ," ಎಂದು ಮಾದಮ್ಮ ಮೊರವನ್ನು ಮಡಿಲಿಗೆಳೆದುಕೊಂಡಳು. "ಮೇಯ್ಕೊಂಡಿರ್ಲಿ ಬುಡು."