ಕನ್ನಡಿಯ ಕೆಳಗಿನ ಫೋನು

ಕ್ಷೌರದಂಗಡಿಗೆ ವಾರದ ರಜೆ ಇರುವ ದಿನವೇ ಬಡಗಿಗೆ ಗಡ್ಡದ ದಿನ. ಕ್ಷೌರಿಕನಿಗೂ ಅವನಿಗೂ ಮೀಸೆ ಚಿಗುರಿದ ಕಾಲದಿಂದ ನಡೆದುಬಂದದ್ದು ಅದು. ಶಟರನ್ನು ಸೊಂಟದ ಮಟ್ಟಕ್ಕೆ ಎತ್ತಿಟ್ಟರೆ ಊರವರ ಪಾಲಿಗೆ ಅಂಗಡಿ ಮುಚ್ಚಿದ ಹಾಗೆ. ಬಡಗಿ ಮಾತ್ರ ಬೆನ್ನು ಬಗ್ಗಿಸಿ ಒಳಗೆ ನುಸುಳುತ್ತಿದ್ದ. ತನ್ನ ಗಡ್ಡವನ್ನು ತಾನೇ ಒಂದು ದಿನವೂ ಹೆರೆದುಕೊಂಡವನಲ್ಲ ಅವನು. ಮದುವೆಗೆ ಹೊರಡುವ ಬೆಳಿಗ್ಗೆಯೂ ಗೆಳೆಯನ ಈ ಕುರ್ಚಿಯಲ್ಲೇ ಕೂತಿದ್ದ. ಆಗ ಕುರ್ಚಿಗೆ ಕೈ ಇರಲಿಲ್ಲ. ಆಮೇಲೆ ಕೂರಿಸಿಕೊಟ್ಟದ್ದು ಅವನೇ.

ಅಂಗಡಿಯ ಬೆನ್ನಿಗೇ ಕ್ಷೌರಿಕನ ಮನೆ, ನಡುವೆ ಒಂದೇ ಗೋಡೆ. ಮಗ ದೂರದ ಊರುಗಳಿಗೆ ಲಾರಿ ಓಡಿಸುತ್ತಾನೆ. ಸೊಸೆ ಮನೆಯಲ್ಲೇ ಕಂಪ್ಯೂಟರ್ ಮುಂದೆ ಕೂತು ಟೈಪಿಂಗ್ ಕೆಲಸ ಮಾಡುತ್ತಾಳೆ. ಅಂಗಡಿಯ ಹಳೆಯ ರೇಡಿಯೋ ಬಾಯಿ ಮುಚ್ಚಿಕೊಂಡಾಗ ಅವಳೇ ಒಂದು ಉಪಾಯ ಮಾಡಿದ್ದಳು. ಒಳಗೆ ಕಂಪ್ಯೂಟರಿನಲ್ಲಿ ಹಾಡು ಹಾಕಿದರೆ ವೈಫೈ ಹಿಡಿದುಕೊಂಡು ಮಾವನ ಫೋನಿನಲ್ಲಿ ಕೇಳುವ ಹಾಗೆ. ಫೋನನ್ನು ಕನ್ನಡಿಯ ಕೆಳಗಿನ ಹಲಗೆಗೆ ಒರಗಿಸಿಟ್ಟು, ಕ್ಷೌರಿಕ ಬಂದವರಿಗೆಲ್ಲ ತೋರಿಸುತ್ತಿದ್ದ. ತಂತಿ ಇಲ್ಲ, ದಾರ ಇಲ್ಲ, ಗೋಡೆ ತೂರಿ ಬರುತ್ತೆ ನೋಡಿ ಎಂದು ಹೇಳುವಾಗ ಅವನ ಎದೆ ಒಂದು ಗೇಣು ಉಬ್ಬುತ್ತಿತ್ತು.

ಸೊಸೆ ಒಂದು ಮಾತು ತಿಳಿಸಿಯೂ ಇದ್ದಳು. ಹಾಡೊಂದೇ ಅಲ್ಲ, ಕಂಪ್ಯೂಟರಿನಲ್ಲಿ ಏನು ಕೇಳಿಸಿದರೂ ಇಲ್ಲಿಗೆ ಬರುತ್ತೆ, ಅಂಗಡಿ ಮುಚ್ಚುವಾಗ ಮರೆಯದೆ ಆರಿಸಿ ಮಾವ ಎಂದು. ಅವಳು ಹೇಳಿದಂತೆ ಅವನು ನಡೆದುಕೊಂಡ. ದಿನಾ ಬೆಳಿಗ್ಗೆ ಹಾಕುತ್ತಿದ್ದ, ಮುಚ್ಚುವಾಗ ಆರಿಸುತ್ತಿದ್ದ. ಆದರೆ ರಜೆಯ ದಿನ ಅಂಗಡಿ ತೆರೆದಂತೆ ಲೆಕ್ಕವೇ ಇರಲಿಲ್ಲ, ಹಾಗಾಗಿ ಮುಚ್ಚುವ ಮಾತೂ ಇರಲಿಲ್ಲ. ಗೆಳೆಯನಿಗೆ ಹಾಡು ಕೇಳಲಿ ಎಂದು ಅವತ್ತೂ ಫೋನು ಹಚ್ಚಿಟ್ಟಿದ್ದ. ಒಳಗಿದ್ದ ಸೊಸೆಯೋ, ರಜೆಯಲ್ಲವೇ, ಮಾವನ ಫೋನು ಮಲಗಿದೆ ಎಂದುಕೊಂಡು ತನ್ನ ಪಾಡಿಗೆ ಹಾಡು ಹಾಕಿಕೊಂಡಿದ್ದಳು.

ಅದಕ್ಕೂ ಕೆಲವು ದಿನ ಮುಂಚೆ ಬಡಗಿ ಕ್ಷೌರಿಕನ ಮನೆಯ ಕಪಾಟಿನ ಬಾಗಿಲು ಕೂರಿಸಲು ಹೋಗಿದ್ದ. ಅವನ ಕಿವಿಯ ಕೆಳಗಿನ ಗೀರು ನೋಡಿ ಸೊಸೆ ಏನಾಯಿತು ದೊಡ್ಡಪ್ಪ ಎಂದು ಕೇಳಿದಳು. ಮರದ ಸಿಬಿರು ತಾಗಿತು ಎನ್ನಬಹುದಿತ್ತು. ನಾಲಿಗೆ ಸುಮ್ಮನಿರಲಿಲ್ಲ. ನಿನ್ನ ಮಾವ ಕತ್ತಿ ಎತ್ತಿದ ಅಂದ್ರೆ ನಾನು ಹೆಂಡತಿ ಮಕ್ಕಳನ್ನ ಒಂದು ಸಲ ನೆನೆಸಿಕೊಂಡುಬಿಡ್ತೀನಮ್ಮ ಎಂದ. ಅವಳು ನಕ್ಕಳು. ಆ ನಗು ಕೇಳಿ ಬಡಗಿಗೆ ಇನ್ನಷ್ಟು ಹುಮ್ಮಸ್ಸು ಬಂತು. ಕತ್ತಿ ನಡುಗುವುದನ್ನು ಮೊಳೆ ಹಿಡಿದು ಆಡಿಸಿ ತೋರಿಸಿದ. ಈಗೀಗ ಎಲ್ಲರೂ ಬರೀ ತಲೆಕೂದಲು ಕತ್ತರಿಸಿಕೊಂಡು ಎದ್ದು ಹೋಗುತ್ತಾರೆ, ಗಡ್ಡಕ್ಕೆ ಕೂರುವ ಹುಂಬ ನಾನೊಬ್ಬನೇ ಎಂದ. ಹೊರಡುವಾಗ, ಅವನಿಗೆ ಹೇಳಬೇಡ ಎಂದೂ ಸೇರಿಸಿದ. ಅವಳು ಮಾವನಿಗೆ ಹೇಳಲಿಲ್ಲ.

ಈಗ ಬಡಗಿಯ ಒಂದು ಕೆನ್ನೆ ಮುಗಿದಿತ್ತು. ತಲೆ ಹಿಂದಕ್ಕೆ ಒರಗಿತ್ತು. ಕತ್ತಿ ಗಂಟಲಿನ ಹತ್ತಿರ ಬಂದಾಗ ಫೋನಿನಲ್ಲಿ ಹಾಡು ನಿಂತು, ಮಗನ ದನಿ ಬಂತು.

"ಹ್ಞಾಂ, ಹೇಳು. ಊಟಕ್ಕೆ ನಿಲ್ಸಿದೀನಿ."

ಆಮೇಲೆ ಏನೂ ಇಲ್ಲ. ಸೊಸೆ ಕಂಪ್ಯೂಟರಿನಿಂದಲೇ ಗಂಡನಿಗೆ ಕರೆ ಮಾಡಿದ್ದಳು. ಅವಳ ಮಾತು ಫೋನಿಗೆ ಬರುತ್ತಿರಲಿಲ್ಲ, ಕಂಪ್ಯೂಟರಿನಿಂದ ಹೊರಡುವ ದನಿಯಷ್ಟೇ ಬರುತ್ತಿತ್ತು. ಗೋಡೆಯಾಚೆ ಅವಳು ಗುಸುಗುಸು ಅನ್ನುವುದು ಮಾತ್ರ ತಿಳಿಯುತ್ತಿತ್ತು.

"ಕೈ ನಡುಗೋದು ನಂಗೂ ಗೊತ್ತು. ಯಾರಂದ್ರು ನಿಂಗೆ?"

ಗುಸುಗುಸು.

"ದೊಡ್ಡಪ್ಪನಾ?"

ಬಡಗಿಗೆ ಕೂಗಬೇಕೆನಿಸಿತು. ಗಂಟಲ ಮೇಲೆ ಕತ್ತಿ ಇತ್ತು, ಉಗುಳು ನುಂಗುವ ಹಾಗೂ ಇರಲಿಲ್ಲ. ಕ್ಷೌರಿಕನ ಕೈತುಂಬ ನೊರೆ. ಫೋನು ಒಂದು ಮೊಳ ದೂರದಲ್ಲಿತ್ತು. ಅವನು ಕೈ ಚಾಚಲಿಲ್ಲ.

ಫೋನಿನೊಳಗೆ ಮಗ ನಗುತ್ತಿದ್ದ. "ಹೆಂಡತಿ ಮಕ್ಕಳನ್ನ ನೆನೆಸ್ಕೋತೀನಿ ಅಂದ್ರಾ? ಅಯ್ಯೋ ದೊಡ್ಡಪ್ಪ..." ನಗು ಇಳಿದ ಮೇಲೆ ದನಿ ಮೆತ್ತಗಾಯಿತು. "ಸರಿ ಬಿಡು. ಅಪ್ಪನಿಗೆ ಎಲ್ಲಿ ನೋವಾಗುತ್ತೋ ಅಂತ ಇಷ್ಟು ದಿನ ಸುಮ್ನಿದ್ದೆ. ದೊಡ್ಡಪ್ಪನೇ ಹಾಗಂದ ಮೇಲೆ ಇನ್ಯಾರನ್ನ ಕೇಳೋದು? ಈ ಸಲ ಬಂದಾಗ ಕತ್ತಿ ಇಸ್ಕೊಂಡುಬಿಡ್ತೀನಿ."

ಕ್ಷೌರಿಕ ಕತ್ತಿಯನ್ನು ಗಂಟಲಿನಿಂದ ಎತ್ತಿದ. ಹೆಗಲ ಮೇಲಿನ ಬಟ್ಟೆಗೆ ಕೈ ಒರೆಸಿಕೊಂಡು ಫೋನು ಆರಿಸಿದ. ಕನ್ನಡಿಯಲ್ಲಿ ಬಡಗಿಯ ಮುಖ ಅರ್ಧ ಬೋಳು, ಅರ್ಧ ಬಿಳಿ ನೊರೆ. ಬಡಗಿ ಅದನ್ನು ನೋಡಲಾರದೆ ನೋಟವನ್ನು ತನ್ನ ಮೊಣಕಾಲಿಗೆ ಇಳಿಸಿದ.

"ಭಯ ಆಗುತ್ತಾ ನಿಂಗೆ?"

"ಇಲ್ಲ ಕಣೋ."

"ಸುಳ್ಳು ಹೇಳಿದ್ರೆ ನಿನ್ನ ಗಂಟಲಮಣಿ ಕುಣಿಯುತ್ತೆ. ಮೀಸೆ ಬಂದಾಗಿಂದ ನೋಡ್ತಿದೀನಿ."

"ಏನೋ ತಮಾಷೆಗೆ ಅಂದೆ."

"ನಂಗೆ ಹೇಳಿದ್ರೆ ನಾನೂ ನಗ್ತಿದ್ದೆ."

ಇಷ್ಟು ಹೇಳಿ ಕತ್ತಿಯನ್ನು ತೊಳೆದು, ಒರೆಸಿ, ಮಡಚಿದ. ಬಡಗಿ ಉಳಿದರ್ಧ ಗಡ್ಡದೊಂದಿಗೇ ಎದ್ದ. ನೊರೆ ಒರೆಸಿಕೊಂಡು, ಬಂದಂತೆಯೇ ಬಗ್ಗಿಕೊಂಡು ಹೊರಗೆ ಹೋದ.

ಮನೆಯಲ್ಲಿ ಹೆಂಡತಿ ಅವನನ್ನು ನೋಡಿ, ಯಾಕೆ, ನಡುವೆ ಕರೆಂಟು ಹೋಯಿತಾ ಎಂದಳು. ಅವನು ಒಂದು ಹಳೆಯ ಬಟ್ಟೆ ಹುಡುಕತೊಡಗಿದ. ಆ ವಾರವೆಲ್ಲ ಕೆನ್ನೆಗೆ ಬಟ್ಟೆ ಸುತ್ತಿಕೊಂಡು ಕೆಲಸಕ್ಕೆ ಹೋದ, ಕೇಳಿದವರಿಗೆ ಹಲ್ಲುನೋವು ಎಂದ. ಎದುರು ರಸ್ತೆಯಲ್ಲಿ ಇನ್ನೊಂದು ಕ್ಷೌರದಂಗಡಿ ಇತ್ತು. ಒಂದು ಸಂಜೆ ಅದರ ಮೆಟ್ಟಿಲವರೆಗೂ ಹೋದ. ಒಳಗಿನವನು ಬನ್ನಿ ಎಂದು ಕುರ್ಚಿಯನ್ನು ತಿರುಗಿಸಿದ. ಬಡಗಿಗೆ ಮೈಯೆಲ್ಲ ಹಿಡಿಯಷ್ಟಾಯಿತು. ಯಾರನ್ನೋ ಹುಡುಕುತ್ತಿದ್ದವನ ಹಾಗೆ ಅತ್ತಿತ್ತ ನೋಡಿ ವಾಪಸಾದ.

ಮುಂದಿನ ರಜೆಯ ದಿನ ಶಟರು ಸೊಂಟದ ಮಟ್ಟಕ್ಕೇ ಇತ್ತು. ಬಡಗಿ ಒಳಗೆ ಹೋಗಿ ಕೂತು, ಕೇಳುವ ಮೊದಲೇ ತಲೆ ಹಿಂದಕ್ಕೆ ಒರಗಿಸಿ ಗಂಟಲು ಕೊಟ್ಟ.

"ಹೆರಿ. ನಂಗೇನೂ ಭಯ ಇಲ್ಲ."

"ಕತ್ತಿ ಸೊಸೆ ಕೈಗೆ ಕೊಟ್ಟುಬಿಟ್ಟೆ," ಎಂದ ಕ್ಷೌರಿಕ. "ಮಗ ಬಂದು ಇಸ್ಕೊಳ್ಳೋದನ್ನ ನಾನ್ಯಾಕೆ ನೋಡ್ಲಿ?"

ಬಾಚಣಿಗೆ ಇಟ್ಟು, ಕತ್ತರಿ ಹಿಡಿದು, ಎರಡೂ ಕೆನ್ನೆಯ ಗಡ್ಡ ಸಮ ಮಾಡಲು ತೊಡಗಿದ. ಕತ್ತರಿ ಕೂದಲಿಗೆ ತಾಗುವ ಮೊದಲು ಗಾಳಿಯಲ್ಲೇ ನಾಲ್ಕೈದು ಸಲ ಕಚಕಚ ಅನ್ನುತ್ತಿತ್ತು. ಲಾರಿ ಎಲ್ಲಿಗೆ ಮುಟ್ಟಿತು, ಮರದ ರೇಟು ಏರಿತಂತಲ್ಲ ಎಂದೆಲ್ಲ ಅವನೇ ಮಾತಾಡಿದ. ಬಡಗಿ ಹ್ಞೂಂ ಎನ್ನುತ್ತಿದ್ದ. ಕೊನೆಗೆ ಹೇಳಿದ:

"ನಿಂಗೇ ಹೇಳಬೇಕಿತ್ತು ಕಣೋ ನಾನು."

"ಹೌದು," ಎಂದ ಕ್ಷೌರಿಕ. "ಹೇಳಬೇಕಿತ್ತು."

ಕತ್ತರಿ ಕಿವಿಯ ಕೆಳಗೆ ಬಂತು. ಒಂದು ಸಲವಾದರೂ ಅದರ ಮೊನೆ ಚರ್ಮಕ್ಕೆ ತಾಗಲಿ ಎಂದು ಬಡಗಿ ಕಣ್ಣು ಮುಚ್ಚಿ ಕಾದ. ಕ್ಷೌರಿಕ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡು, ಉಸಿರು ಕಟ್ಟಿ, ಒಂದೊಂದೇ ಕೂದಲು ಕತ್ತರಿಸುತ್ತ ಹೋದ. ಎಲ್ಲೂ ತಾಗಿಸಲಿಲ್ಲ.