ಗಾಳಿ ಇರುವ ಡಬ್ಬಿ

ಕಿಟಕಿಯ ಅಂಚಿನ ಮೇಲೆ ಮತ್ತೆ ಕೆಂಪು ದೂಳು, ಈಗ ತಾನೇ ಒರೆಸಿದ್ದೆ, ಸಂಡೂರಿನ ಗುಡ್ಡಗಳು ಬಲಗಡೆ ಹಿಂದೆ ಸರಿಯುತ್ತಿವೆ, ಗಡಿಯಾರದಲ್ಲಿ ಹನ್ನೆರಡು — ಮದರಾಸಿನ ಕಾಲೇಜಿನಲ್ಲಿ ಈಗ ಗಂಟೆ ಹೊಡೆದಿರುತ್ತದೆ, ಯೇಸುಸಭೆಯ ಪಾದ್ರಿಗಳು ಮಾತು ನಿಲ್ಲಿಸಿ ಕಾಲುಗಂಟೆ ಕಣ್ಣುಮುಚ್ಚಿ ಕೂತು, ಬೆಳಗಿನಿಂದ ಮಾಡಿದ್ದನ್ನೆಲ್ಲ ಒಂದೊಂದಾಗಿ ನೆನೆಯುತ್ತಾರೆ, ಎಲ್ಲಿ ಮುಖ ತಿರುಗಿಸಿದೆ, ಯಾರಿಂದ. ಮಣಿಯಿಲ್ಲದ ಜಪ ಎಂದು ನಗುತ್ತಿದ್ದೆ, ಅಲ್ಲಿ ತರ್ಕಶಾಸ್ತ್ರ ಕಲಿಸುವ ಮಾಧ್ವ ನಾನು, ಆಮೇಲೆ ಅದು ನನಗೇ ಅಂಟಿಕೊಂಡಿತು, ಊಟದ ನಂತರದ ಅಡಿಕೆಯ ಹಾಗೆ. ಸರಿ, ಬೆಳಗಿನಿಂದ ಶುರುಮಾಡು ಕಮಲಾಕರ. ಹೊಸಪೇಟೆಯಲ್ಲಿ ರೈಲು ಹತ್ತಿದೆ, ಎದುರಿಗೆ ಭೀಮಾಬಾಯಿ ಅತ್ತೆ, ಬಳ್ಳಾರಿಗೆ ಹೊರಟವಳು, ತೊಡೆಯ ಮೇಲೆ ಬಟ್ಟೆಯ ಗಂಟು, ಗಂಟಿನ ಮೇಲೆ ಬಾಯಿ ಕಟ್ಟಿದ ನೀರಿನ ತಂಬಿಗೆ. ಆಮೇಲೆ ಪಾಪಿನಾಯಕನಹಳ್ಳಿ, ಪಾಲಪ್ಪ. ಎರಡು ಬೇಸಿಗೆ ನಾನೇ ಕೂರಿಸಿ ಓದಿಸಿದವನು, ಮಾದಿಗರ ಕೇರಿಯಿಂದ ಕಾಲೇಜಿಗೆ ಹೊರಟ ಮೊದಲನೆಯವನು. ಕಾಲೇಜಿನ ಮುಖ್ಯಸ್ಥರಾದ ರೆಕ್ಟರ್ ಪಾದ್ರಿ ಕಾಗದ ಬರೆದಿದ್ದರು, ಅವನನ್ನು ಕಳಿಸಬೇಡಿ, ಕರೆದುಕೊಂಡು ಬನ್ನಿ, ರೈಲಿನಲ್ಲಿ ನಿಮ್ಮ ಪಕ್ಕ ಕೂತವನು ಮೆಸ್ಸಿನಲ್ಲೂ ನಿಮ್ಮ ಪಕ್ಕ ಕೂರುತ್ತಾನೆ, ಇಲ್ಲದಿದ್ದರೆ ಬಾಗಿಲಲ್ಲೇ ನಿಲ್ಲುತ್ತಾನೆ, ಹೋದ ವರ್ಷ ಒಬ್ಬ ಹಾಗೆ ನಿಂತು ನಿಂತು ಮೂರೇ ವಾರಕ್ಕೆ ಊರಿಗೆ ಹೊರಟುಹೋದ. ಆ ಕಾಗದ ಈಗಲೂ ಜೇಬಿನಲ್ಲಿದೆ. ಪ್ಲಾಟ್‌ಫಾರ್ಮಿನಲ್ಲಿ ಅವನ ತಾಯಿ ಜಂಬವ್ವ, ನಿಮ್ಮ ಉಡಿಯಾಗ ಹಾಕೀನ್ರಿ ಮಾಸ್ತರ, ಮಗ್ಗಲದಾಗ ಇಟ್ಕೊಳ್ರಿ, ಇಟ್ಟುಕೊಳ್ಳುತ್ತೇನಮ್ಮ ಅಂದೆ, ಅಂದವನೇ ತಿರುಗಿ ಅತ್ತೆಯ ತಂಬಿಗೆ ನೋಡಿದೆ, ಪಾಲಪ್ಪ ಆಗಲೇ ಮೆಟ್ಟಿಲ ಮೇಲೆ ಬರಿಗಾಲು ಇಟ್ಟಿದ್ದ — ಹಿಂದಿನ ಡಬ್ಬಿಗೆ ಹೋಗಪ್ಪ, ಅಲ್ಲಿ ಗಾಳಿ ಚೆನ್ನಾಗಿದೆ. ಗಾಳಿಯಂತೆ. ತರ್ಕ ಕಲಿಸುವ ನಾಲಿಗೆಗೆ ಸಿಕ್ಕ ಕಾರಣ ನೋಡು, ಥೂ. ಅವನು ಕಾಲು ಹಿಂದಕ್ಕೆ ತೆಗೆದ, ಹೂಂನ್ರಿ ಸರ ಅಂದ.

ಏನೋ, ಕಣ್ಣು ಮುಚ್ಚಿ ಕೂತುಬಿಟ್ಟೀಯಲ್ಲ, ಆ ಹುಡುಗ ಎಲ್ಲಿ — ಯಾವ ಹುಡುಗ ಅತ್ತೆ — ಅದೇ, ನೀ ಓದಿಸಿದ್ದು, ಅವಂಗಂತ ನಿನ್ನ ಮಗ್ಗಲಿದ್ದ ಗಂಟು ತೊಡಿಮ್ಯಾಲೆ ತಗೊಂಡೀನಿ, ತೊಡಿ ಜೋಮು ಹಿಡೀತು. ನಿನ್ನ ಮಡಿ, ಅತ್ತೆ — ರೈಲಿನಾಗ ಎಲ್ಲಿ ಮಡಿಯೋ, ಮನಿಗೆ ಹೋಗಿ ತಲಿಮ್ಯಾಲೆ ನೀರು ಹಾಕ್ಕೊಂಡ್ರ ಆತು, ನಾ ಏನಾರ ಬ್ಯಾಡ ಅಂದಿದ್ನೇನು. ಅಂದಿರಲಿಲ್ಲ. ನಾನು ಕೇಳಿರಲೇ ಇಲ್ಲ, ತಂಬಿಗೆ ನೋಡಿದ್ದಷ್ಟೇ, ನನ್ನ ಅಳುಕನ್ನು ಅತ್ತೆಯ ತಲೆಗೆ ಕಟ್ಟಿದ್ದಷ್ಟೇ. ತೋರಣಗಲ್ಲು ಬಂತು, ಇಳಿದು ಹಿಂದಕ್ಕೆ ಓಡುತ್ತೇನೆ, ಪಾಲಪ್ಪ ಕಿಟಕಿಯೇ ಇಲ್ಲದ ಮೂಲೆಯಲ್ಲಿ ಟ್ರಂಕಿನ ಮೇಲೆ ಕೂತಿದ್ದಾನೆ, ಅಂಗಿ ಬೆವರಿಗೆ ಮೈಗಂಟಿದೆ, ಬಾ, ನನ್ನ ಪಕ್ಕ ಜಾಗ ಇದೆ. ಅರ್ಧ ಎದ್ದ, ನನ್ನ ಮುಖ ನೋಡಿದ, ಮತ್ತೆ ಕೂತ. ಬ್ಯಾಡ್ರಿ ಸರ, ಇಲ್ಲೇ ಗಾಳಿ ಭಾಳ ಛಲೋ ಐತ್ರಿ. ನಗುತ್ತಲೇ ಅಂದ, ನನಗೆ ನೋವಾಗದ ಹಾಗೆ. ಕೈ ಹಿಡಿದು ಎಬ್ಬಿಸಬಹುದಿತ್ತು, ಗಾರ್ಡು ಸೀಟಿ ಊದಿದ, ಓಡಿ ಬಂದೆ, ಕುಡತಿನಿ ಇದೆ, ಬಳ್ಳಾರಿ ಇದೆ, ಗುಂತಕಲ್ಲಿನಲ್ಲಿ ಗಾಡಿ ಬದಲಿಸುವಾಗ ಕೇಳುತ್ತೇನೆ, ಮತ್ತೆ ಮತ್ತೆ ಕೇಳುತ್ತೇನೆ, ಕಂಬಿ ಹಿಡಿದು ಹತ್ತಹೋದವನು ಕಾಲು ಎಲ್ಲಿಡಬೇಕೋ ತಿಳಿಯದೆ — ಮೆಟ್ಟಿಲಿನ ಕೆಂಪು ದೂಳಿನಲ್ಲಿ ಒಂದೇ ಒಂದು ಬರಿಗಾಲಿನ ಗುರುತು, ಐದೂ ಬೆರಳು ಡಬ್ಬಿಯ ಒಳಮುಖವಾಗಿ.