ಅರ್ಧ ಗಂಟೆ ಓಡುವ ಟ್ರ್ಯಾಕ್ಟರ್

ಭಾವನಿಗೂ ನನಗೂ ಒಂದೇ ಒಂದು ವಿಷಯದಲ್ಲಿ ಹೋಲಿಕೆ. ಇಬ್ಬರೂ ಸೋಲು ಒಪ್ಪುವವರಲ್ಲ. ಅವರು ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತರೆ ಹೊಲ ಮುಗಿಯುವವರೆಗೆ ಇಳಿಯುವುದಿಲ್ಲ. ನಾನು ಬಾನೆಟ್ ಎತ್ತಿದರೆ ಕಾಯಿಲೆ ಸಿಗುವವರೆಗೆ ಇಳಿಸುವುದಿಲ್ಲ. ಮೂವತ್ತೊಂದು ವರ್ಷದಿಂದ ಡೀಸೆಲ್ ಎಂಜಿನ್ ಬಿಚ್ಚುತ್ತಿದ್ದೇನೆ. "ನನ್ನ ಕೈಲಿ ಆಗಲ್ಲ" ಎಂಬ ಮಾತು ಈ ಬಾಯಿಂದ ಒಮ್ಮೆಯೂ ಹೊರಟಿರಲಿಲ್ಲ. ಜಂಬ ಅನ್ನುವವರು ಅನ್ನಲಿ, ನನಗೇನು.

ಅಂಥ ನನ್ನ ಮಾನ ಕಳೆಯಲು ಭಾವನ ಹಳೇ ಟ್ರ್ಯಾಕ್ಟರ್ ಟೊಂಕ ಕಟ್ಟಿ ನಿಂತಿತು.

"ಭಾಮೈದ, ಅರ್ಧ ಗಂಟೆ ಚೆನ್ನಾಗೇ ಓಡತ್ತೆ. ಆಮೇಲೆ ಕೆಮ್ಮಿ ಕೆಮ್ಮಿ ನಿಂತುಬಿಡತ್ತೆ. ಕಾಲು ಗಂಟೆ ಸುಮ್ನೆ ಬಿಟ್ರೆ, ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಶುರು!" ಎಂದು ಫೋನಿನಲ್ಲಿ ಭಾವ ಗೊಣಗಿದರು. ಅವರಿಗೆ ಸ್ಟೀರಿಂಗ್ ಹಿಡಿಯುವುದು ಬಿಟ್ಟರೆ ಎಂಜಿನ್ನಿನ ಗಂಧಗಾಳಿ ಇಲ್ಲ. ಮೂರು ತಿಂಗಳ ಹಿಂದೆ ಎದೆನೋವು ಬಂದು ಹನ್ನೊಂದು ದಿನ ಆಸ್ಪತ್ರೆಯಲ್ಲಿದ್ದರು. "ಕೆಲಸ ಮಾಡಿ, ಆದರೆ ನಡುನಡುವೆ ಇಳಿದು ಮಲಗಿ" ಎಂದು ಡಾಕ್ಟರು ಸಾರಿ ಸಾರಿ ಹೇಳಿ ಕಳಿಸಿದ್ದರು. ಭಾವ ಅದನ್ನು ಕಿವಿಗೇ ಹಾಕಿಕೊಂಡಿರಲಿಲ್ಲ.

ನಾನು ಹೋದೆ. ಡೀಸೆಲ್ ಫಿಲ್ಟರ್ ಬಿಚ್ಚಿದರೆ ಒಳಗೆ ಕರಿ ಪಾಚಿ. ಹೊಸದು ಹಾಕಿ, ಪೈಪಿನೊಳಗಿನ ಗಾಳಿ ಬಿಡುವ ಬ್ಲೀಡಿಂಗ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಪಂಪು ಒತ್ತಿದೆ. ಒಂದೂವರೆ ಗಂಟೆ ಓಡಿಸಿದೆ, ಗಾಡಿ ಒಮ್ಮೆಯೂ ಬಿಕ್ಕಲಿಲ್ಲ. ಅಕ್ಕ ಕೊಟ್ಟ ಊಟ ಹೊಡೆದು, ಮೀಸೆ ತಿರುವಿಕೊಂಡು ಮನೆಗೆ ಬಂದೆ.

ಮರುದಿನ ಮತ್ತೆ ಫೋನು. "ನಿಂತಿದೆ."

ಎರಡನೇ ಸಲ ಟ್ಯಾಂಕಿನ ಜಾಲರಿ ತೊಳೆದೆ, ಡೀಸೆಲ್ ಪೈಪುಗಳಿಗೆ ಗಾಳಿ ಊದಿದೆ, ವಾಷರುಗಳನ್ನೆಲ್ಲ ಬದಲಿಸಿದೆ. ಎಂಜಿನ್ನಿಗೆ ಡೀಸೆಲ್ ಎಳೆದುಕೊಡುವ ಪಂಪನ್ನು ಬಿಚ್ಚಿ ಬಿಳಿ ಬಟ್ಟೆಯ ಮೇಲೆ ಹರಡಿ ಒಂದೊಂದೇ ಭಾಗ ನೋಡಿದೆ. ಎಲ್ಲ ಕಲ್ಲುಗುಂಡಿನ ಹಾಗಿತ್ತು. ಎರಡು ಗಂಟೆ ಓಡಿಸಿದೆ. ಹಲ್ಲು ಕೀಳುವವನ ಬಾಗಿಲಿಗೆ ಹೋದ ತಕ್ಷಣ ಹಲ್ಲುನೋವು ಮಾಯವಾಗುತ್ತದಲ್ಲ, ಹಾಗೆ ನಾನಿದ್ದಷ್ಟು ಹೊತ್ತು ಗಾಡಿ ಬಲು ಸಾಧು. ನಾನು ಬೆನ್ನು ತಿರುಗಿಸಿದ ಮರುದಿನ ಅದೇ ರಾಗ.

"ನಿನಗೆ ವಯಸ್ಸಾಯ್ತು ಕಣಯ್ಯಾ. ಶೋರೂಮಿನ ಮೆಕ್ಯಾನಿಕ್ಕನ್ನೇ ಕರೀತೀನಿ, ಕಂಪ್ಯೂಟರ್ ಇಟ್ಟುಕೊಂಡು ನೋಡ್ತಾನಂತೆ," ಎಂದರು ಭಾವ. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವಂಥದ್ದು. ಫೋನು ಕುಕ್ಕಿದೆ. ರಾತ್ರಿಯ ಊಟ ಸೇರಲಿಲ್ಲ.

ಮೂರನೇ ಸಲ ಯಾರಿಗೂ ಹೇಳದೆ ಹೋದೆ. ಮನೆಯ ಕಡೆಗೂ ತಿರುಗದೆ ನೇರ ಹೊಲಕ್ಕೆ. ಅರ್ಧ ಉತ್ತ ಹೊಲದ ನಡುವೆ ಟ್ರ್ಯಾಕ್ಟರ್ ನಿಂತಿತ್ತು. ಭಾವ ಅಂಚಿನ ಮರದಡಿ ಟವೆಲ್ ಹಾಸಿಕೊಂಡು, ಟೋಪಿ ಎದೆಯ ಮೇಲಿಟ್ಟುಕೊಂಡು ಗೊರಕೆ ಹೊಡೆಯುತ್ತಿದ್ದರು. ಆಸ್ಪತ್ರೆಯಲ್ಲಿ ಬೂದಿ ಬಣ್ಣಕ್ಕೆ ತಿರುಗಿದ್ದ ಮುಖದಲ್ಲಿ ಈಗ ರಕ್ತ ಆಡುತ್ತಿತ್ತು. ಎಬ್ಬಿಸಲು ಮನಸ್ಸಾಗಲಿಲ್ಲ.

ಟ್ಯಾಂಕಿನ ಮುಚ್ಚಳಕ್ಕೆ ಕೈ ಹಾಕಿ ತಿರುಗಿಸಿದೆ. ಹುಶ್ಶ್ ಎಂದು ಅದು ಒಳಗೆ ಗಾಳಿ ಎಳೆದುಕೊಂಡಿತು.

ಡೀಸೆಲ್ ಖಾಲಿಯಾದಷ್ಟೂ ಟ್ಯಾಂಕಿನೊಳಗೆ ಗಾಳಿ ಹೋಗಬೇಕು. ಅದಕ್ಕೆಂದೇ ಮುಚ್ಚಳದಲ್ಲಿ ಸೂಜಿಯಷ್ಟು ತೂತು ಇರುತ್ತದೆ. ಅದು ಮುಚ್ಚಿದರೆ ಪಂಪು ಎಷ್ಟೆಂದು ಎಳೆದೀತು? ಉಸಿರು ಕಟ್ಟಿ ಎಂಜಿನ್ ನಿಲ್ಲುತ್ತದೆ. ಸಂದಿಗೊಂದಿಯಿಂದ ನಿಧಾನ ಗಾಳಿ ನುಸುಳಿದ ಮೇಲೆ ಮತ್ತೆ ಓಡುತ್ತದೆ. ಮುಚ್ಚಳ ತಿರುವಿ ನೋಡಿದೆ. ತೂತಿನಲ್ಲಿ ಬಿಳಿಯದೇನೋ ಗಟ್ಟಿಯಾಗಿ ಕೂತಿತ್ತು. ಮೂಸಿದೆ. ಮೈಸೋಪು.

ಈ ಚೇಷ್ಟೆ ಜಗತ್ತಿನಲ್ಲಿ ಗೊತ್ತಿದ್ದದ್ದು ಮೂವರಿಗೆ. ಅಪ್ಪ ನನ್ನನ್ನು ಕೆಲಸಕ್ಕೆ ಹಚ್ಚಿದ ವರ್ಷ, ಪರೀಕ್ಷೆ ಮಾಡಲೆಂದು ಒಂದು ಟ್ರ್ಯಾಕ್ಟರಿನ ಮುಚ್ಚಳಕ್ಕೆ ಹೀಗೇ ಸೋಪು ತುಂಬಿ, "ಕಾಯಿಲೆ ಹುಡುಕು" ಎಂದು ಬಿಟ್ಟಿದ್ದರು. ನಾನು ಎರಡು ದಿನ ಇಡೀ ಗಾಡಿ ಬಿಚ್ಚಿದೆ. ಕೊನೆಗೆ ಅಪ್ಪನಿಗೆ ನೀರು ತಂದ ಅಕ್ಕ ಮುಚ್ಚಳ ತೆಗೆದು, ಆ ಹುಶ್ಶ್ ಕೇಳಿ, "ಇದಕ್ಕೆ ಉಸಿರು ಕಟ್ಟಿದೆ ಕಣೋ" ಎಂದು ನಕ್ಕಿದ್ದಳು. ಅಪ್ಪ ಈಗಿಲ್ಲ. ನಾನು ಹಾಕಿಲ್ಲ.

ತಲೆ ಎತ್ತಿದರೆ ಬದುವಿನ ಮೇಲೆ ಅಕ್ಕ ನೀರಿನ ಕ್ಯಾನು ಹಿಡಿದು ನಿಂತಿದ್ದಳು. ನನ್ನ ಕೈಯಲ್ಲಿದ್ದ ಮುಚ್ಚಳ ನೋಡಿದ ಕೂಡಲೇ ಅವಳ ಮುಖ ಇಳಿದುಹೋಯಿತು.

"ನಾನು ಬರೋ ದಿನ ನೀನು ಸೋಪು ತೆಗೆದಿಡ್ತಿದ್ದೆ, ಅಲ್ವಾ?"

"ಮೆಲ್ಲಗೆ ಮಾತಾಡೋ, ಎಚ್ಚರ ಆಗತ್ತೆ."

"ಅಕ್ಕ, ಎರಡು ಸಲ ನನ್ನ ಮರ್ಯಾದೆ ಮೂರು ಕಾಸಿಗೆ ಹೋಯ್ತು. ಪಂಪು ಬಿಚ್ಚಿದೆ ನಾನು, ಪಂಪು!"

ಅವಳು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದಳು. "ಬೇಡ್ಕೊಂಡೆ, ಕಣ್ಣೀರು ಹಾಕ್ದೆ, ಬೈದೂ ಆಯ್ತು. ಗಡಿಯಾರ ಕೊಟ್ಟು ಕಳಿಸಿದೆ, ಜೇಬಲ್ಲೇ ಇಟ್ಕೊಂಡು ಸಂಜೆವರೆಗೂ ಉತ್ರು. ರಾತ್ರಿ ಎದೆ ಹಿಡ್ಕೊಂಡು ಕೂತಿದ್ರು, ನನ್ನಿಂದ ಮುಚ್ಚಿಟ್ಟು. ನನ್ನ ಮಾತು ಕೇಳಲ್ಲ ಕಣೋ. ಅದು ನಿಂತ್ರೆ ಮಾತ್ರ ನಿಲ್ತಾರೆ."

ಮರದಡಿ ಮಲಗಿದ್ದ ಭಾವನ ಕಡೆ ತಿರುಗಿ ನೋಡಿದೆ. ಆದರೂ ಮೆಕ್ಯಾನಿಕ್ ಬುದ್ಧಿ ಸುಮ್ಮನಿರಬೇಕಲ್ಲ. "ಸರಿಯಾಗಿ ಅರ್ಧ ಗಂಟೆಗೇ ಹೇಗೆ ನಿಲ್ಲಿಸ್ತೀಯ?"

"ಟ್ಯಾಂಕು ತುಂಬಿದ್ದಷ್ಟೂ ಒಳಗೆ ಗಾಳಿ ಕಮ್ಮಿ, ಬೇಗ ನಿಲ್ಲತ್ತೆ. ಎಲ್ಲೀವರೆಗೆ ತುಂಬಿದ್ರೆ ಎಷ್ಟು ಹೊತ್ತು ಓಡತ್ತೆ ಅಂತ ಒಂದು ವಾರ ಕಡ್ಡಿ ಇಳಿಸಿ ನೋಡಿದೆ. ನಿಂತಾಗೆಲ್ಲ ನೀರು ಕೊಡೋಕೆ ಬರ್ತೀನಿ, ಡೀಸೆಲ್ ನೋಡೋ ನೆಪದಲ್ಲಿ ಅಷ್ಟಕ್ಕೇ ತುಂಬಿಸಿ ಹೋಗ್ತೀನಿ." ಅಪ್ಪ ಕೆಲಸ ಕಲಿಸಬೇಕಾಗಿದ್ದದ್ದು ಇವಳಿಗೆ ಅನ್ನಿಸಿತು. ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ. ಆಮೇಲೆ ಅವಳು ನನ್ನ ತೋಳು ಹಿಡಿದು, "ನಾಳೆ ಶೋರೂಮಿನವನು ಬರ್ತಾನೆ. ಮೊದಲು ಮುಚ್ಚಳಾನೇ ನೋಡ್ತಾನೆ, ಅಲ್ವೇನೋ?" ಎಂದಳು.

"ನನ್ನಷ್ಟು ದಡ್ಡ ಅಲ್ಲದಿದ್ರೆ ನೋಡ್ತಾನೆ," ಎಂದೆ.

ಮರದಡಿಯಿಂದ ಭಾವನ ದನಿ ಬಂತು. "ಏನಪ್ಪಾ, ಕದ್ದು ಬಂದುಬಿಟ್ಯಾ? ಸಿಕ್ತಾ ಕಾಯಿಲೆ?"

ಎದ್ದು ಬಂದರು. ಅಕ್ಕ ಕ್ಯಾನಿನ ಮುಚ್ಚಳ ತೆಗೆಯುವ ನೆಪದಲ್ಲಿ ಬಗ್ಗಿದಳು. ಈ ಮೂವತ್ತೊಂದು ವರ್ಷದಲ್ಲಿ ಎಂಜಿನ್ ವಿಷಯದಲ್ಲಿ ನಾನು ಯಾರಿಗೂ ಸುಳ್ಳು ಹೇಳಿಲ್ಲ. ಕಾಯಿಲೆ ಸಿಕ್ಕಿದಾಗ ಬಾಯಿ ಮುಚ್ಚಿಕೊಂಡೂ ಇಲ್ಲ. "ಸಿಕ್ತು!" ಎಂಬ ಮಾತು ನಾಲಿಗೆಯ ತುದಿಯಲ್ಲಿ ಕುಣಿಯುತ್ತಿತ್ತು.

"ಹಳೇ ಗಾಡಿ, ಭಾವ. ಅರ್ಧ ಗಂಟೆ ದುಡಿದ್ರೆ ಕಾಲು ಗಂಟೆ ಮಲಗಬೇಕು ಅಂತಿದೆ. ಮಲಗೋಕೆ ಬಿಡಿ. ಹಾಗೇ ನಡೆಸಿಕೊಂಡ್ರೆ ಇನ್ನೂ ಇಪ್ಪತ್ತು ವರ್ಷ ಬರತ್ತೆ. ಯಾರ್ಯಾರೋ ಕೈ ಹಾಕಿದ್ರೆ ಕೆಟ್ಟೇ ಹೋಗತ್ತೆ."

ಭಾವ ಹುಬ್ಬು ಗಂಟಿಕ್ಕಿದರು. "ಅಂದ್ರೆ, ನಿನ್ನ ಕೈಲಿ ಆಗಲ್ವಾ?"

ಅಕ್ಕ ಬಗ್ಗಿದವಳು ಬಗ್ಗಿದ ಹಾಗೇ ಇದ್ದಳು.

"ನನ್ನ ಕೈಲಿ ಆಗಲ್ಲ," ಎಂದೆ.

ಭಾವ ನಗುತ್ತಾರೆ, ಊರೆಲ್ಲ ಹೇಳಿಕೊಂಡು ತಿರುಗುತ್ತಾರೆ ಎಂದುಕೊಂಡಿದ್ದೆ. ನಗಲಿಲ್ಲ. ನನ್ನನ್ನೇ ಸ್ವಲ್ಪ ಹೊತ್ತು ನೋಡಿ, ಜೇಬಿನಿಂದ ಫೋನು ತೆಗೆದು ಶೋರೂಮಿನವನಿಗೆ ಬರುವುದು ಬೇಡ ಎಂದು ಹೇಳಿಬಿಟ್ಟರು. "ನಿನ್ನ ಕೈಲೇ ಆಗಲ್ಲ ಅಂದ್ಮೇಲೆ ಇನ್ಯಾರ ಕೈಲೂ ಆಗಲ್ಲ ಬಿಡು," ಎಂದು ನೀರು ಇಸಿದುಕೊಂಡು, ಮತ್ತೆ ಹೋಗಿ ಮರದ ಬುಡಕ್ಕೆ ಒರಗಿದರು.

ಅಕ್ಕ ಸೆರಗಿನಿಂದ ನನ್ನ ಹಣೆಯ ಮೇಲಿನ ಗ್ರೀಸು ಒರೆಸಿದಳು, ಚಿಕ್ಕಂದಿನಲ್ಲಿ ಒರೆಸುತ್ತಿದ್ದ ಹಾಗೆ.

ಮುಚ್ಚಳವನ್ನು ನಾನೇ ಹಾಕಿ ಬಿಗಿ ಮಾಡಿದೆ. ಅದಕ್ಕೆ ಮೊದಲು ತೂತಿನ ಮೇಲೆ ಹೆಬ್ಬೆರಳು ಒತ್ತಿ, ಸೋಪು ಸರಿಯಾಗಿ ಕೂತಿದೆಯೇ ಎಂದು ನೋಡಿದೆ.